ಫ್ರೆಡರಿಕ್ ಮೇಟ್ಯಾಗ್

ಮಾನವನು ಬಟ್ಟೆ ಉಡಲು ಕಲಿತಂದೇ ಅದನ್ನು ಒಗೆಯುವ ಕೆಲಸವೂ ಅವನ ಪಾಲಿಗೆ ಬಂದಿತು. ಅವನ ಪಾಲಿಗೆ ಎನ್ನುವುದಕ್ಕಿಂತ ಅವನ ಮನೆಯ ಹೆಣ್ಣುಮಕ್ಕಳ ಪಾಲಿಗೆ ಎನ್ನುವುದು ಹೆಚ್ಚು ಸರಿಯಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ದೇಶದ ಹಳ್ಳಿಗಳಲ್ಲಿ ಸೋಮವಾರವೆಂದರೆ ಬಟ್ಟೆ ಒಗೆಯುವ ದಿನವೆಂದೇ ರೂಢಿಯಾಗಿತ್ತು. ಗೃಹಿಣಿಯು ಬೆಳಕು ಹರಿಯುವ ಮುನ್ನವೇ ಎದ್ದು ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತು ತರುತ್ತಿದ್ದಳು. ಸೌದೆಯನ್ನು ಒಟ್ಟಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದಳು. ಗೀರುಗಳುಳ್ಳ ಹಲಗೆಯ ಮೇಲೆ ಬಟ್ಟೆಗಳನ್ನು ಒಂದೊಂದಾಗಿ ಉಜ್ಜಿ, ಕುದಿಸಿ, ಜಾಲಿಸಿ, ನೀಲಿಯಲ್ಲಿ ಅದ್ದಿ, ಕೈಯಿಂದ ಹಿಂಡಿ ಹಗ್ಗದ ಮೇಲೆ ಹರವುತ್ತಿದ್ದಳು. ಕಾರದ ಸೋಪಿನಿಂದ ಕೈಯ ಚರ್ಮ ಒಡೆಯುತ್ತಿತ್ತು. ಚಳಿಗಾಲದಲ್ಲಿ ಹರವಿದ ಬಟ್ಟೆ ಹಗ್ಗದ ಮೇಲೆಯೇ ಹೆಪ್ಪುಗಟ್ಟಿ ಹಲಗೆಯಂತೆ ಸೆಟೆದು ನಿಲ್ಲುತ್ತಿತ್ತು. ಸಂಜೆಯ ವೇಳೆಗೆ ಅವಳ ಬೆನ್ನು, ತೋಳುಗಳು ನೋವಿನಿಂದ ಬಾಗಿಹೋಗುತ್ತಿದ್ದವು.

ಅದೇ ಕಾಲದಲ್ಲಿ ಹೊಲದ ಕೆಲಸ ಬಹಳ ಮಟ್ಟಿಗೆ ಬದಲಾಗಿತ್ತು. ಕೊಯ್ಯುವ ಯಂತ್ರ ಬಂದಿತ್ತು, ಒಕ್ಕುವ ಯಂತ್ರ ಬಂದಿತ್ತು, ಅವುಗಳನ್ನು ನಡೆಸಲು ಉಗಿಯ ಎಂಜಿನ್ನೂ ಬಂದಿತ್ತು. ಗಂಡಸಿನ ದುಡಿಮೆಯನ್ನು ಹಗುರಗೊಳಿಸಲು ಕಾರ್ಖಾನೆಗಳು ಹಗಲಿರುಳು ಶ್ರಮಿಸುತ್ತಿದ್ದಾಗ ಮನೆಯ ಹಿತ್ತಿಲಿನ ಒಗೆತದ ತೊಟ್ಟಿ ಮಾತ್ರ ಅಜ್ಜಿಯ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇತ್ತು. ಹೊಲದ ಯಂತ್ರಗಳನ್ನು ಮಾಡುತ್ತಿದ್ದ ಒಬ್ಬ ತಯಾರಕನು ಆ ತೊಟ್ಟಿಯ ಕಡೆಗೆ ದೃಷ್ಟಿ ಹೊರಳಿಸಿದನು. ಮೊದಲು ಅದು ವ್ಯಾಪಾರದ ಅನುಕೂಲಕ್ಕಾಗಿ ಹೊರಳಿಸಿದ ದೃಷ್ಟಿ. ಕ್ರಮೇಣ ಅದೇ ಅವನ ಬಾಳಿನ ಕಾಯಕವಾಯಿತು. ಅವನೇ ಫ್ರೆಡರಿಕ್ ಲೂಯಿಸ್ ಮೇಟ್ಯಾಗ್.

ಮೇಟ್ಯಾಗನು 1857ರ ಜುಲೈ 14ರಂದು ಇಲಿನಾಯ್ ಸಂಸ್ಥಾನದ ಎಲ್ಜಿನ್ ಎಂಬ ಊರಿನ ಬಳಿ ಜನಿಸಿದನು. ಅವನದು ಜರ್ಮನಿಯಿಂದ ವಲಸೆ ಬಂದ ಮನೆತನ. ತಂದೆ ಡೇನಿಯಲ್ ಮೇಟ್ಯಾಗ್, ತಾಯಿ ಅಮೇಲಿಯಾ. ಹತ್ತು ಮಂದಿ ಮಕ್ಕಳಲ್ಲಿ ಫ್ರೆಡರಿಕನೇ ಹಿರಿಯನು. 1860ರ ದಶಕದ ಕೊನೆಯ ವೇಳೆಗೆ ಈ ಕುಟುಂಬವು ಸಾಮಾನು ಸರಂಜಾಮುಗಳನ್ನು ಕಮಾನು ಬಂಡಿಯಲ್ಲಿ ಹೇರಿಕೊಂಡು ಪಶ್ಚಿಮಕ್ಕೆ ಹೊರಟು ಅಯೋವಾ ಸಂಸ್ಥಾನವನ್ನು ಸೇರಿತು. ಕಣ್ಣು ಹಾಯುವಷ್ಟು ದೂರವೂ ಹುಲ್ಲು ಬೆಳೆದು ನಿಂತ ಬಯಲುನಾಡು ಅದು. ನೆಲ ಫಲವತ್ತಾದುದೇ ಆದರೂ ಅದನ್ನು ಹದಕ್ಕೆ ತರಲು ಮೈಮುರಿಯುವ ದುಡಿಮೆ ಬೇಕಾಗಿತ್ತು. ಹಿರಿಯ ಮಗನಾದ ಫ್ರೆಡರಿಕನಿಗೆ ಶಾಲೆಯಲ್ಲಿ ಕಳೆದ ದಿನಗಳಿಗಿಂತ ಹೊಲದಲ್ಲಿ ಕಳೆದ ದಿನಗಳೇ ಹೆಚ್ಚು. ಓದಿನಲ್ಲಿ ಆದ ಕೊರತೆಯನ್ನು ಅವನು ಅನುಭವದಿಂದ ತುಂಬಿಕೊಂಡನು. ದೊಡ್ಡ ಕುಟುಂಬದಲ್ಲಿ ತಾಯಿಯಾದವಳು ಎಷ್ಟು ದುಡಿಯಬೇಕಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯೌವನದಲ್ಲಿ ಅವನು ಒಕ್ಕಣೆಯ ತಂಡಗಳೊಂದಿಗೆ ದುಡಿದನು. ಆಮೇಲೆ ಹತ್ತಿರದ ನ್ಯೂಟನ್ ಎಂಬ ಪಟ್ಟಣಕ್ಕೆ ಬಂದು, ಬೇಸಾಯದ ಉಪಕರಣಗಳನ್ನು ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತನು. ಅಂಗಡಿಯ ಕೆಲಸ ಅವನಿಗೆ ಚೆನ್ನಾಗಿ ಒಗ್ಗಿತು. ರೈತರ ಭಾಷೆ ಅವನದೇ ಭಾಷೆ. ಅವರ ಕಷ್ಟ ಅವನು ಕಂಡುಂಡ ಕಷ್ಟ. ಕೊಂಚ ಕಾಲದಲ್ಲಿಯೇ ಅವನು ಆ ವ್ಯಾಪಾರದಲ್ಲಿ ಪಾಲುದಾರನಾದನು. ಮುಂದೆ ಮರದ ವ್ಯಾಪಾರವನ್ನೂ ಕೈಗೊಂಡನು. 1882ರಲ್ಲಿ ಡೀನಾ ಬರ್ಗ್‌ಮನ್ ಎಂಬ ಕನ್ಯೆಯನ್ನು ವಿವಾಹವಾಗಿ ನ್ಯೂಟನ್ನಿನಲ್ಲಿಯೇ ನೆಲೆಸಿದನು. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು.

ಆಗಿನ ಒಕ್ಕುವ ಯಂತ್ರದಲ್ಲಿ ಒಂದು ದೊಡ್ಡ ತೊಡಕಿತ್ತು. ಪೈರಿನ ಸಿವುಡುಗಳನ್ನು ದಾರದಿಂದ ಕಟ್ಟಿರುತ್ತಿದ್ದರು. ಯಂತ್ರದ ಬಾಯಿಯ ಬಳಿ ಒಬ್ಬನು ನಿಂತು ಚಾಕುವಿನಿಂದ ಆ ಕಟ್ಟನ್ನು ಕತ್ತರಿಸಬೇಕು. ಮತ್ತೊಬ್ಬನು ಪೈರನ್ನು ಬಿಡಿಸಿ ಹದವಾಗಿ ಒಳಗೆ ಊಡಬೇಕು. ಧೂಳು, ಸೆಕೆ, ಗದ್ದಲಗಳ ನಡುವೆ ಒಂದು ಗಳಿಗೆ ಮೈಮರೆತರೂ ತಿರುಗುವ ಹಲ್ಲುಗಳಿಗೆ ಕೈ ಸಿಕ್ಕಿಬೀಳುತ್ತಿತ್ತು. ಕಟ್ಟನ್ನು ತಾನೇ ಕತ್ತರಿಸಿ ಪೈರನ್ನು ತಾನೇ ಊಡಿಕೊಳ್ಳುವ ಜೋಡಣೆಯೊಂದನ್ನು ತಯಾರಿಸುವ ಉದ್ದೇಶದಿಂದ 1893ರಲ್ಲಿ ನ್ಯೂಟನ್ನಿನಲ್ಲಿ ಒಂದು ಸಂಸ್ಥೆ ಸ್ಥಾಪಿತವಾಯಿತು. ಜಾರ್ಜ್ ಪಾರ್ಸನ್ಸ್ ಎಂಬವನೂ, ಮೇಟ್ಯಾಗನ ಇಬ್ಬರು ಭಾವಮೈದುನರೂ, ಮೇಟ್ಯಾಗನೂ ಅದರ ಪಾಲುದಾರರು. ಉಳಿದವರಿಗೆ ಇದು ಹಣ ಹೂಡಿದ ಒಂದು ಉದ್ಯಮವಾಗಿದ್ದರೆ ಮೇಟ್ಯಾಗನಿಗೆ ಮಾತ್ರ ತಾನು ಬೆವರು ಹರಿಸಿದ ಕೆಲಸದ ಕಷ್ಟವನ್ನು ನೀಗುವ ಪ್ರಶ್ನೆಯೂ ಆಗಿತ್ತು.

ಆದರೆ ಒಳ್ಳೆಯ ಉದ್ದೇಶವೊಂದೇ ಒಳ್ಳೆಯ ಯಂತ್ರವನ್ನು ಮಾಡಿಕೊಡುವುದಿಲ್ಲ. ಸಂಸ್ಥೆ ಮಾರಿದ ಮೊದಮೊದಲ ಯಂತ್ರಗಳಲ್ಲಿ ದೋಷಗಳು ಕಾಣಿಸಿಕೊಂಡವು. ಒಕ್ಕಣೆಯ ಕಾಲವೆಂದರೆ ರೈತನಿಗೆ ವರ್ಷದ ಅನ್ನವನ್ನು ಮನೆಗೆ ತಂದುಕೊಳ್ಳುವ ಕಾಲ. ಆಗ ಯಂತ್ರ ಕೆಟ್ಟು ನಿಂತರೆ, ಮಳೆ ಬಂದರೆ, ಪೈರೆಲ್ಲ ಹಾಳು. ದೂರುಗಳು ಬರತೊಡಗಿದಾಗ ಮೇಟ್ಯಾಗನು ಅವುಗಳನ್ನು ಕೆಳಗಿನವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ತಾನೇ ಹೊಲಗಳಿಗೆ ಹೋಗಿ ಕೆಟ್ಟ ಯಂತ್ರಗಳನ್ನು ಕಣ್ಣಾರೆ ಕಂಡನು; ನೊಂದ ರೈತರ ಮುಖಗಳನ್ನೂ ಕಂಡನು. ಮಾರಾಟವಾದ ವಸ್ತುವಿನ ಹೊಣೆ ಮಾರಿದವನನ್ನು ಬಿಟ್ಟು ಹೋಗುವುದಿಲ್ಲವೆಂಬ ಅರಿವು ಅವನಲ್ಲಿ ಬೇರೂರಿದುದು ಈ ದಿನಗಳಲ್ಲಿಯೇ. ಸಂಸ್ಥೆಯ ಹೆಸರು ಮುಂದೆ ಬಾಳಿಕೆಗೆ ಪ್ರಸಿದ್ಧವಾಗಲು ಈ ಕಹಿ ಅನುಭವವೇ ಬೀಜ.

ಯಂತ್ರಗಳ ದೋಷವನ್ನು ನಿವಾರಿಸುವ ಕಾರ್ಯದಲ್ಲಿ ಹೋವರ್ಡ್ ಸ್ನೈಡರ್ ಎಂಬ ಕುಶಲಿಯ ನೆರವು ಅವನಿಗೆ ದೊರೆಯಿತು. ಸ್ನೈಡರನು ವಿಶ್ವವಿದ್ಯಾನಿಲಯದ ಪದವೀಧರನಲ್ಲ; ಕೈಯಿಂದ ಮುಟ್ಟಿ ನೋಡಿ ಯಂತ್ರದ ಮರ್ಮವನ್ನು ಅರಿಯಬಲ್ಲ ಕೆಲಸಗಾರ. ಮೇಟ್ಯಾಗನು ಅವನಲ್ಲಿದ್ದ ಪ್ರತಿಭೆಯನ್ನು ಗುರುತಿಸಿ, ಹೊಸ ಹೊಸ ಪ್ರಯೋಗಗಳನ್ನು ಮಾಡಲು ಅವಕಾಶವನ್ನು ಕಲ್ಪಿಸಿಕೊಟ್ಟನು. ಮುಂದೆ ಸಂಸ್ಥೆಗೆ ಕೀರ್ತಿ ತಂದ ಜೋಡಣೆಗಳಲ್ಲಿ ಮುಖ್ಯವಾದವು ಸ್ನೈಡರನ ಬುದ್ಧಿಯಿಂದ ಹೊಮ್ಮಿದವು. ಲೋಕವು ಮೇಟ್ಯಾಗನ ಹೆಸರನ್ನು ನೆನೆಯುವಾಗ ಅದರ ಹಿಂದೆ ನಿಂತ ಈ ಕುಶಲಿಯನ್ನೂ ನೆನೆಯಬೇಕಾದುದು ನ್ಯಾಯ.

ಬೇಸಾಯದ ಯಂತ್ರಗಳ ಮಾರಾಟಕ್ಕೆ ಒಂದು ಋತುವಿದೆ. ಸುಗ್ಗಿಗೆ ಮುನ್ನ ಕಾರ್ಖಾನೆಯಲ್ಲಿ ಬಿಡುವಿಲ್ಲದ ಕೆಲಸ. ಸುಗ್ಗಿ ಕಳೆದ ಮೇಲೆ ಯಂತ್ರಗಳೂ ನಿಲ್ಲಬೇಕು, ಕೆಲಸಗಾರರೂ ಕೈಕಟ್ಟಿ ಕೂರಬೇಕು. ವರ್ಷದ ಉಳಿದ ತಿಂಗಳುಗಳಲ್ಲಿ ತಯಾರಿಸಬಹುದಾದ ವಸ್ತು ಯಾವುದೆಂದು ಯೋಚಿಸಿದಾಗ ಬಟ್ಟೆ ಒಗೆಯುವ ಯಂತ್ರವು ಹೊಳೆಯಿತು. ಬಟ್ಟೆಗೆ ಋತುವಿಲ್ಲ, ಅದು ಪ್ರತಿವಾರವೂ ಕೊಳೆಯಾಗುತ್ತದೆ. ಹೀಗೆ 1907ರಲ್ಲಿ ಸಂಸ್ಥೆಯ ಮೊದಲ ಒಗೆಯುವ ಯಂತ್ರ ಹೊರಬಂದಿತು. ಅದಕ್ಕೆ ಪಾಸ್‌ಟೈಮ್, ಅಂದರೆ ಹೊತ್ತು ಕಳೆಯುವ ವಿನೋದ, ಎಂಬ ಹೆಸರನ್ನಿಟ್ಟರು. ಒಗೆತವನ್ನು ವಿನೋದವೆಂದು ಕರೆದುದನ್ನು ಕೇಳಿ ಎಷ್ಟು ಮಂದಿ ಗೃಹಿಣಿಯರು ನಕ್ಕಿರಬಹುದೋ!

ಒಗೆಯುವ ಯಂತ್ರವನ್ನು ಮೊಟ್ಟಮೊದಲು ಕಲ್ಪಿಸಿದವನು ಮೇಟ್ಯಾಗನಲ್ಲ. ಅಮೆರಿಕದ ಜೇಮ್ಸ್ ಕಿಂಗ್ ಎಂಬವನು 1851ರಲ್ಲಿಯೇ ಉರುಳೆಯಾಕಾರದ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದನು. 1858ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಎಂಬವನು ತಿರುಗುವ ಯಂತ್ರವೊಂದನ್ನು ರೂಪಿಸಿದ್ದನು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಲವು ಕಾರ್ಖಾನೆಗಳು ಈ ಕ್ಷೇತ್ರದಲ್ಲಿ ಪೈಪೋಟಿ ನಡೆಸಿದ್ದವು. ಷಿಕಾಗೋ ನಗರದ ಹರ್ಲಿ ಸಂಸ್ಥೆಯು ಥಾರ್ ಎಂಬ ವಿದ್ಯುತ್ ಯಂತ್ರವನ್ನು ಮಾರಿತು; ಆಲ್ವಾ ಫಿಶರನಿಗೆ 1910ರಲ್ಲಿ ಅದರ ಹಕ್ಕುಪತ್ರ ದೊರೆಯಿತು. ಹೊಸದನ್ನು ಮೊದಲು ಕಾಣುವುದು ಒಂದು ಸಾಮರ್ಥ್ಯ. ಕಂಡುದನ್ನು ತಿದ್ದಿ ತೀಡಿ ಮನೆಮನೆಗೂ ಒದಗುವಂತೆ ಮಾಡುವುದು ಮತ್ತೊಂದು ಸಾಮರ್ಥ್ಯ. ಮೇಟ್ಯಾಗನದು ಎರಡನೆಯದು.

ಪಾಸ್‌ಟೈಮ್ ಯಂತ್ರದ ರಚನೆ ಸರಳವಾಗಿತ್ತು. ಅದೊಂದು ಮರದ ತೊಟ್ಟಿ. ಅದರ ಒಳಮೈಯಲ್ಲಿ ಉಜ್ಜುವ ಹಲಗೆಯಲ್ಲಿರುವಂತೆ ಏರುತಗ್ಗಿನ ಗೀರುಗಳು. ಮುಚ್ಚಳದ ಮಧ್ಯದಿಂದ ಮರದ ಗೂಟಗಳುಳ್ಳ ಒಂದು ತಟ್ಟೆ ಒಳಗೆ ಇಳಿಬಿದ್ದಿರುತ್ತಿತ್ತು. ಮೇಲಿನ ಹಿಡಿಯನ್ನು ತಿರುಗಿಸಿದರೆ ಗೂಟಗಳು ಬಟ್ಟೆಯನ್ನು ಹಿಡಿದು ಸೋಪಿನ ನೀರಿನಲ್ಲಿ ಎಳೆದಾಡಿ, ಗೀರುಗಳಿಗೆ ಉಜ್ಜಿ ಕೊಳೆಯನ್ನು ಬಿಡಿಸುತ್ತಿದ್ದವು. ಹಲಗೆಯ ಮೇಲೆ ಬಗ್ಗಿ ಉಜ್ಜುವ ಶ್ರಮ ತಪ್ಪಿತು, ನಿಜ. ಆದರೆ ಹಿಡಿಯನ್ನು ತಿರುಗಿಸುವ ತೋಳು ಗೃಹಿಣಿಯದೇ. ನೀರನ್ನು ಹೀರಿದ ದಪ್ಪ ಬಟ್ಟೆಗಳ ರಾಶಿಯನ್ನು ತಿರುಗಿಸುವುದು ಸಣ್ಣ ಕೆಲಸವಲ್ಲ. ತೋಳಿನ ಬದಲು ಬೇರೊಂದು ಶಕ್ತಿ ಬೇಕೆಂಬುದು ಸ್ಪಷ್ಟವಾಯಿತು.

1909ರಲ್ಲಿ ಮೇಟ್ಯಾಗನು ಸಂಸ್ಥೆಯ ಪೂರ್ಣ ಒಡೆತನವನ್ನು ವಹಿಸಿಕೊಂಡು ಅದಕ್ಕೆ ತನ್ನ ಹೆಸರನ್ನೇ ಇಟ್ಟನು. ಆ ವರ್ಷವೇ ಹೈರ್ಡ್ ಗರ್ಲ್, ಎಂದರೆ ಸಂಬಳಕ್ಕಿದ್ದ ಕೆಲಸದ ಹುಡುಗಿ, ಎಂಬ ಹೆಸರಿನ ಯಂತ್ರ ಹೊರಬಂದಿತು. ಇದಕ್ಕೆ ಒಂದು ರಾಟೆಯನ್ನು ಜೋಡಿಸಿದ್ದರು. ಹೊರಗಿನ ಎಂಜಿನ್ನಿನಿಂದ ಪಟ್ಟಿಯೊಂದನ್ನು ತಂದು ಈ ರಾಟೆಗೆ ತೊಡಿಸಿದರೆ ಯಂತ್ರ ತಾನಾಗಿ ನಡೆಯುತ್ತಿತ್ತು. ಹೊಲದ ಕೆಲಸಕ್ಕೆಂದು ರೈತನು ಕೊಂಡಿದ್ದ ಎಂಜಿನ್ ಹೀಗೆ ವಾರಕ್ಕೊಮ್ಮೆ ಮನೆಯೊಡತಿಯ ಸೇವೆಗೂ ದೊರೆಯುವಂತಾಯಿತು.

1911ರಲ್ಲಿ ಮೇಟ್ಯಾಗ್ ಸಂಸ್ಥೆಯ ವಿದ್ಯುತ್ ಯಂತ್ರವೂ ಸಿದ್ಧವಾಯಿತು. ತೊಟ್ಟಿಗೆ ಒಂದು ವಿದ್ಯುತ್ ಮೋಟಾರನ್ನು ಕಟ್ಟಿಬಿಟ್ಟರೆ ಕೆಲಸ ಮುಗಿಯಿತೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೋಟಾರು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ಬಟ್ಟೆಯನ್ನು ಆ ವೇಗದಲ್ಲಿ ಒಂದೇ ಕಡೆಗೆ ತಿರುಗಿಸಿದರೆ ಅದು ಹಗ್ಗದಂತೆ ಹೊಸೆದುಕೊಂಡು ಹರಿದುಹೋಗುತ್ತದೆ. ಆದುದರಿಂದ ಮೊದಲು ಸಣ್ಣ ಚಕ್ರದಿಂದ ದೊಡ್ಡ ಚಕ್ರಕ್ಕೆ ಚಲನೆಯನ್ನು ಸಾಗಿಸಿ ವೇಗವನ್ನು ತಗ್ಗಿಸಬೇಕು. ಬಳಿಕ ಸುತ್ತುವ ಚಲನೆಯನ್ನು ಹಿಂದಕ್ಕೂ ಮುಂದಕ್ಕೂ ತೊನೆಯುವ ಚಲನೆಯನ್ನಾಗಿ ಮಾರ್ಪಡಿಸಬೇಕು. ಚಕ್ರದ ಅಂಚಿಗೆ ಒಂದು ದಂಡವನ್ನು ಸಿಕ್ಕಿಸಿದರೆ ಚಕ್ರ ಸುತ್ತಿದಂತೆಲ್ಲ ದಂಡವು ಹೋಗಿ ಬರುತ್ತದೆ. ಆ ದಂಡವು ಹಲ್ಲುಗಳುಳ್ಳ ಕಮಾನೊಂದನ್ನು ಆಡಿಸಿದರೆ, ಅದಕ್ಕೆ ಕಚ್ಚಿಕೊಂಡ ಹಲ್ಲುಚಕ್ರವು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಅಂದಿನ ಒಗೆಯುವ ಯಂತ್ರಗಳ ಗರ್ಭದಲ್ಲಿದ್ದ ರಹಸ್ಯ ಇಷ್ಟೆ. ಇದರ ಜೊತೆಗೆ ನೀರಿನ ಭಯ ಬೇರೆ. ತೊಟ್ಟಿಯಿಂದ ಸೋರಿದ ನೀರು ಮೋಟಾರನ್ನು ಮುಟ್ಟಿದರೆ ಯಂತ್ರಕ್ಕೂ ಅಪಾಯ, ಮುಟ್ಟಿದವರಿಗೂ ಅಪಾಯ. ಮರದ ತೊಟ್ಟಿ ಒಣಗಿದಾಗ ಬಿರುಕು ಬಿಡುವುದಂತೂ ಅದರ ಸ್ವಭಾವವೇ ಆಗಿತ್ತು.

ವಿದ್ಯುತ್ ಯಂತ್ರದಿಂದ ನಗರದ ಗೃಹಿಣಿಗೆ ಅನುಕೂಲವಾಯಿತು. ಆದರೆ ಮೇಟ್ಯಾಗನು ಹುಟ್ಟಿ ಬೆಳೆದ ಹಳ್ಳಿಗಾಡಿನಲ್ಲಿ ವಿದ್ಯುತ್ತೇ ಇರಲಿಲ್ಲ. 1930ರ ದಶಕದ ನಡುಗಾಲದಲ್ಲಿಯೂ ಅಮೆರಿಕದ ರೈತರ ಮನೆಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮನೆಗಳು ಆ ಸೌಲಭ್ಯದಿಂದ ವಂಚಿತವಾಗಿದ್ದವೆಂದರೆ ಅದಕ್ಕೆ ಇಪ್ಪತ್ತು ವರ್ಷ ಹಿಂದಿನ ಸ್ಥಿತಿಯನ್ನು ಊಹಿಸಬಹುದು. ತಂತಿ ಹಳ್ಳಿಗೆ ಬರುವವರೆಗೆ ಹಳ್ಳಿಯ ಹೆಂಗಸು ಕಾದುಕೊಂಡಿರಬೇಕೆ? ಈ ಪ್ರಶ್ನೆಗೆ ಮೇಟ್ಯಾಗ್ ಸಂಸ್ಥೆ ನೀಡಿದ ಉತ್ತರವೇ 1914ರ ಸುಮಾರಿಗೆ ಹೊರಬಂದ ಮಲ್ಟಿ ಮೋಟಾರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್. ತೊಟ್ಟಿಯ ಕೆಳಗೆ ಅಡಗಿಸಬಹುದಾದಷ್ಟು ಸಣ್ಣದಾದ ಈ ಎಂಜಿನ್ನನ್ನು ಮುಂದಿನ ವರ್ಷಗಳಲ್ಲಿ ಸುಧಾರಿಸಿ, ಕಾಲಿನಿಂದ ಮೆಟ್ಟಿ ಚಾಲನೆಗೊಳಿಸುವಂತೆ ಮಾಡಿದರು. ಅದರ ಹೊಗೆ ವಿಷಕಾರಿಯಾದುದರಿಂದ ಬಳುಕುವ ಲೋಹದ ಕೊಳವೆಯೊಂದನ್ನು ಕಿಟಕಿಯ ಅಥವಾ ಬಾಗಿಲ ಮೂಲಕ ಹೊರಗೆ ಚಾಚಬೇಕಾಗಿತ್ತು. ಗದ್ದಲವೇನೋ ಇತ್ತು, ಆದರೆ ಆ ಗದ್ದಲ ಹಳ್ಳಿಯ ಹೆಂಗಸಿನ ತೋಳಿಗೆ ವಿಶ್ರಾಂತಿಯನ್ನು ತಂದಿತು. ಯಂತ್ರ ಹಳತಾದ ಮೇಲೆ ರೈತರು ಆ ಎಂಜಿನ್ನನ್ನು ಕಳಚಿ ನೀರೆತ್ತಲು ಬಳಸುತ್ತಿದ್ದರು. ಹುಡುಗರು ಆಟದ ಬಂಡಿಗಳಿಗೆ ಕಟ್ಟಿ ಓಡಿಸುತ್ತಿದ್ದರು.

ಒಗೆದ ಬಟ್ಟೆಯನ್ನು ಹಿಂಡುವುದು ಮತ್ತೊಂದು ಶ್ರಮ. ಎರಡು ರಬ್ಬರಿನ ಉರುಳೆಗಳ ನಡುವೆ ಬಟ್ಟೆಯನ್ನು ತೂರಿಸಿ ನೀರನ್ನು ಹಿಂಡುವ ಜೋಡಣೆ ಮೊದಲೇ ಬಳಕೆಯಲ್ಲಿತ್ತು. ಸ್ನೈಡರನು ಅದನ್ನು ಯಂತ್ರದ ಶಕ್ತಿಯಿಂದಲೇ ತಿರುಗುವಂತೆಯೂ, ತೊಟ್ಟಿಯ ಮೇಲೆ ಬೇಕಾದ ಕಡೆಗೆ ಹೊರಳಿಸಿ ನಿಲ್ಲಿಸುವಂತೆಯೂ ಮಾಡಿದನು. ಇದರಿಂದ ಒಗೆಯುವ ತೊಟ್ಟಿಯಿಂದ ಜಾಲಿಸುವ ತೊಟ್ಟಿಗೆ, ಅಲ್ಲಿಂದ ಬಟ್ಟೆಯ ಬುಟ್ಟಿಗೆ ನಿಂತಲ್ಲಿಯೇ ಹಿಂಡಿ ಹಾಕಬಹುದಾಯಿತು. ಆದರೆ ಶಕ್ತಿಯಿಂದ ತಿರುಗುವ ಉರುಳೆಗೆ ಬಟ್ಟೆಗೂ ಬೆರಳಿಗೂ ಇರುವ ಭೇದ ತಿಳಿಯದು. ಅದಕ್ಕೆ ಕೈ ಸಿಕ್ಕಿಸಿಕೊಂಡು ನೊಂದವರು ಎಷ್ಟೋ ಮಂದಿ. ಅಪಾಯದ ಗಳಿಗೆಯಲ್ಲಿ ಉರುಳೆಗಳನ್ನು ಥಟ್ಟನೆ ಬಿಡಿಸುವ ಕೀಲುಗಳನ್ನು ತಯಾರಕರು ಅಳವಡಿಸುತ್ತ ಬಂದರು. ಯಂತ್ರವು ಕಷ್ಟವನ್ನು ಕಳೆಯುವಾಗ ಹೊಸ ಕಷ್ಟವೊಂದನ್ನು ತಾರದಂತೆ ನೋಡಿಕೊಳ್ಳುವುದು ಯಂತ್ರವನ್ನು ಕಲ್ಪಿಸುವುದರಷ್ಟೇ ಮುಖ್ಯವಾದ ಕರ್ತವ್ಯ.

ಮೇಟ್ಯಾಗನ ಬಾಳಿನಲ್ಲಿ ಸೋಲುಗಳೂ ಇಲ್ಲದಿಲ್ಲ. 1910ರ ಸುಮಾರಿಗೆ ಅವನು ಮೋಟಾರು ಕಾರುಗಳ ಉದ್ಯಮಕ್ಕೆ ಕೈಹಾಕಿದನು. ಮುಂದೆ ವೇಗದ ಕಾರುಗಳ ನಿರ್ಮಾಣದಲ್ಲಿ ಪ್ರಖ್ಯಾತನಾದ ಫ್ರೆಡ್ ಡ್ಯೂಸನ್‌ಬರ್ಗನು ರೂಪಿಸಿದ್ದ ಕಾರನ್ನು ಮೇಟ್ಯಾಗ್-ಮೇಸನ್ ಎಂಬ ಹೆಸರಿನಲ್ಲಿ ಅಯೋವಾದ ವಾಟರ್ಲೂ ಪಟ್ಟಣದಲ್ಲಿ ತಯಾರಿಸಲಾಯಿತು. ಉದ್ಯಮ ಕೈಹಿಡಿಯಲಿಲ್ಲ, ಕೆಲವೇ ವರ್ಷಗಳಲ್ಲಿ ಅವನು ನಷ್ಟವನ್ನು ಹೊತ್ತು ಅದರಿಂದ ಹೊರಬಂದನು. ತನಗೆ ತಿಳಿದ ಕೆಲಸದಲ್ಲಿ ಮನಸ್ಸನ್ನು ನೆಲೆಗೊಳಿಸುವ ವಿವೇಕವನ್ನು ಈ ಸೋಲು ಅವನಿಗೆ ಕಲಿಸಿತು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಸಂಸ್ಥೆಯು ಮರದ ತೊಟ್ಟಿಯನ್ನು ಬಿಟ್ಟುಕೊಡಲು ನಿಶ್ಚಯಿಸಿತು. ಮರ ಬಿರುಕು ಬಿಡುತ್ತದೆ, ಸೋರುತ್ತದೆ, ವಾಸನೆ ಹಿಡಿಯುತ್ತದೆ. ಅಲ್ಯೂಮಿನಿಯಮ್ ಲೋಹವಾದರೋ ಹಗುರವಾದುದು, ತುಕ್ಕು ಹಿಡಿಯದುದು. ಆದರೆ ಅಷ್ಟು ದೊಡ್ಡ ತೊಟ್ಟಿಯನ್ನು ಅಲ್ಯೂಮಿನಿಯಮ್ಮಿನಲ್ಲಿ ಒಂದೇ ಎರಕವಾಗಿ ಹೊಯ್ಯುವುದು ಆಗದ ಮಾತೆಂದು ಎರಕದ ಕೆಲಸವನ್ನು ಬಲ್ಲವರು ತಲೆಯಾಡಿಸಿದರು. ಮೇಟ್ಯಾಗನು ಹಿಂಜರಿಯಲಿಲ್ಲ. ಸಂಸ್ಥೆಯು ತನ್ನದೇ ಆದ ಎರಕದ ಮನೆಯನ್ನು ಕಟ್ಟಿಕೊಂಡು ಪ್ರಯತ್ನವನ್ನು ಮುಂದುವರಿಸಿತು. 1919ರಲ್ಲಿ ಎರಕದ ಅಲ್ಯೂಮಿನಿಯಮ್ ತೊಟ್ಟಿ ಸಿದ್ಧವಾಯಿತು.

ಅಷ್ಟರಲ್ಲಿ ಮೇಟ್ಯಾಗನು ವಯಸ್ಸಿನಲ್ಲಿ ಅರವತ್ತನ್ನು ದಾಟಿದ್ದನು. ಆಡಳಿತದ ದಿನನಿತ್ಯದ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿದ್ದನು. ಯುದ್ಧಾನಂತರದ ಮುಗ್ಗಟ್ಟಿನಲ್ಲಿ ಬೇಸಾಯದ ಫಸಲಿನ ಬೆಲೆ ಕುಸಿಯಿತು, ರೈತರ ಕೈಯಲ್ಲಿ ಹಣವಿಲ್ಲವಾಯಿತು, ಸಂಸ್ಥೆಯೂ ನಷ್ಟಕ್ಕೊಳಗಾಯಿತು. ಇಂತಹ ಇಕ್ಕಟ್ಟಿನ ಕಾಲದಲ್ಲಿಯೇ, 1922ರಲ್ಲಿ, ಸ್ನೈಡರನು ತನ್ನ ಬಾಳಿನ ಮಹತ್ಕೃತಿಯನ್ನು ಮುಂದಿರಿಸಿದನು. ಅದಕ್ಕೆ ಗೈರಾಫೋಮ್ ಎಂದು ಹೆಸರಾಯಿತು.

ಅಲ್ಲಿಯವರೆಗೆ ಬಳಕೆಯಲ್ಲಿದ್ದ ಬಹುಪಾಲು ಯಂತ್ರಗಳಲ್ಲಿ ಗೂಟಗಳು ಮೇಲಿನಿಂದ ಇಳಿದು ಬಟ್ಟೆಯನ್ನು ಹಿಡಿದು ನೀರಿನಲ್ಲಿ ಎಳೆಯುತ್ತಿದ್ದವು. ಇದರಿಂದ ಬಟ್ಟೆ ಸವೆಯುತ್ತಿತ್ತು, ಕೆಲವೊಮ್ಮೆ ಹರಿಯುತ್ತಿತ್ತು. ಸ್ನೈಡರನು ಈ ಕ್ರಮವನ್ನು ತಲೆಕೆಳಗು ಮಾಡಿದನು. ತೊಟ್ಟಿಯ ತಳದಲ್ಲಿ ರೆಕ್ಕೆಗಳುಳ್ಳ ಒಂದು ಕಡೆಗೋಲನ್ನು ನಿಲ್ಲಿಸಿದನು. ಮೊಸರನ್ನು ಕಡೆಯುವಾಗ ಹಗ್ಗದ ಎಳೆತಕ್ಕೆ ಕಡೆಗೋಲು ಒಮ್ಮೆ ಒಂದು ಕಡೆಗೆ, ಮತ್ತೊಮ್ಮೆ ಇನ್ನೊಂದು ಕಡೆಗೆ ತಿರುಗುವಂತೆ ಇದೂ ತಿರುಗುತ್ತಿತ್ತು. ಆಗ ರೆಕ್ಕೆಗಳು ಸೋಪಿನ ನೀರನ್ನು ಬಟ್ಟೆಯ ಎಳೆ ಎಳೆಗಳ ನಡುವೆ ರಭಸದಿಂದ ನುಗ್ಗಿಸುತ್ತಿದ್ದವು. ಬಟ್ಟೆಯನ್ನು ನೀರಿನಲ್ಲಿ ಎಳೆಯುವುದಕ್ಕೆ ಬದಲಾಗಿ ನೀರನ್ನೇ ಬಟ್ಟೆಯ ಮೂಲಕ ಹಾಯಿಸುವುದು ಇಲ್ಲಿನ ತತ್ತ್ವ. ಮುಚ್ಚಳದಲ್ಲಿ ಯಂತ್ರಭಾಗಗಳಿಲ್ಲದುದರಿಂದ ಅದನ್ನು ಸುಲಭವಾಗಿ ತೆಗೆದು ಬಟ್ಟೆಯನ್ನು ತುಂಬಬಹುದಾಗಿತ್ತು. ತಳದ ರಂಧ್ರದಿಂದ ನೀರು ಸೋರದಂತೆ ಮಾಡಿದ ಉಪಾಯವೂ ಸೊಗಸಾದುದು. ತೊಟ್ಟಿಯ ನಡುವೆ ನೀರಿನ ಮಟ್ಟಕ್ಕಿಂತ ಎತ್ತರವಾಗಿ ಒಂದು ಪೊಳ್ಳು ಕಂಬವನ್ನು ನಿಲ್ಲಿಸಿ, ಅದರೊಳಗೆ ತಿರುಗುವ ದಂಡವನ್ನು ಹಾಯಿಸಿ, ಕಡೆಗೋಲನ್ನು ಟೋಪಿಯಂತೆ ಮೇಲಿನಿಂದ ತೊಡಿಸಿದರು. ನೀರು ಕಂಬವನ್ನೇರಿ ದಾಟಲಾರದು. ಕೆಳಗಿರುವ ಹಲ್ಲುಚಕ್ರಗಳೂ ಮೋಟಾರೂ ಒಣಗಿಯೇ ಇರುತ್ತವೆ. ತೊಟ್ಟಿಯ ಆಕಾರವನ್ನೂ ಚೌಕವಾಗಿ ಮಾಡಿದರು. ದುಂಡಗಿನ ತೊಟ್ಟಿಯಲ್ಲಿ ನೀರು ಬಟ್ಟೆಯ ಸಮೇತ ಸುಳಿಯಂತೆ ಸುತ್ತಿಬಿಡಬಹುದು. ಚೌಕದ ಮೂಲೆಗಳು ಆ ಸುಳಿಯನ್ನು ತಡೆದು ನೀರನ್ನು ಮತ್ತೆ ಒಳಕ್ಕೆ ಮರಳಿಸುತ್ತವೆ.

ಮೇಟ್ಯಾಗನು ಈ ಯಂತ್ರದ ಮಹತ್ತ್ವವನ್ನು ಒಡನೆಯೇ ಗ್ರಹಿಸಿದನು. ವಿಶ್ರಾಂತಿಯ ವಯಸ್ಸಿನಲ್ಲಿ ಮತ್ತೆ ಹಳೆಯ ಅಂಗಡಿಯ ನೌಕರನಂತೆ ಊರೂರು ತಿರುಗಿ ತಾನೇ ಯಂತ್ರವನ್ನು ಜನರ ಮುಂದಿಟ್ಟನು. ಮನೆಗಳಲ್ಲಿ ಒಗೆದು ತೋರಿಸಿ, ಗೃಹಿಣಿಯೇ ಪರೀಕ್ಷಿಸಿ ಒಪ್ಪಿದ ಮೇಲೆ ಮಾರುವ ಪದ್ಧತಿ ಸಂಸ್ಥೆಯಲ್ಲಿ ಬಲವಾಗಿ ನೆಲೆಗೊಂಡಿತು. ಫಲಿತಾಂಶ ಎಲ್ಲರ ನಿರೀಕ್ಷೆಯನ್ನೂ ಮೀರಿತು. ಬೇಸಾಯದ ಯಂತ್ರಗಳ ತಯಾರಿಕೆಯನ್ನು ಸಂಸ್ಥೆಯು ಸಂಪೂರ್ಣವಾಗಿ ಕೈಬಿಟ್ಟಿತು. 1927ರಲ್ಲಿ ಮೇಟ್ಯಾಗ್ ಯಂತ್ರಗಳ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಸುಗ್ಗಿಯ ನಡುವಣ ಬಿಡುವನ್ನು ತುಂಬಲು ಹುಟ್ಟಿದ ವಸ್ತು ಸಂಸ್ಥೆಯ ಸರ್ವಸ್ವವಾಯಿತು. ನ್ಯೂಟನ್ ಎಂಬ ಸಣ್ಣ ಪಟ್ಟಣ ಒಗೆಯುವ ಯಂತ್ರಗಳ ರಾಜಧಾನಿಯೆಂದು ಹೆಸರಾಯಿತು.

ಸಂಪತ್ತು ಬಂದಾಗ ಮೇಟ್ಯಾಗನು ಊರನ್ನು ಮರೆಯಲಿಲ್ಲ. 1902ರಿಂದ ಹತ್ತು ವರ್ಷಗಳ ಕಾಲ ಅವನು ಅಯೋವಾ ಸಂಸ್ಥಾನದ ಮೇಲ್ಮನೆಯ ಸದಸ್ಯನಾಗಿ ಸೇವೆ ಸಲ್ಲಿಸಿದ್ದನು. ಬಳಿಕ ನ್ಯೂಟನ್ ಪಟ್ಟಣಕ್ಕೆ ವಿಶಾಲವಾದ ಉದ್ಯಾನವೊಂದನ್ನು ದಾನ ಮಾಡಿದನು. ಅಲ್ಲಿನ ಈಜುಕೊಳ, ಬಯಲು ರಂಗಮಂದಿರಗಳು ಊರಿನವರೆಲ್ಲರ ಸ್ವತ್ತಾದವು. 1937ರ ಮಾರ್ಚ್ 26ರಂದು, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಕ್ಯಾಲಿಫೋರ್ನಿಯಾದಲ್ಲಿ ಕಾಲವಾದನು. ಅವನ ದೇಹವನ್ನು ನ್ಯೂಟನ್ನಿಗೆ ತಂದಾಗ ಅಂತಿಮ ದರ್ಶನಕ್ಕಾಗಿ ಜನ ಕಿಕ್ಕಿರಿದು ನೆರೆದರು. ಅವರಲ್ಲಿ ಬಹುಮಂದಿ ಅವನ ಕಾರ್ಖಾನೆಯಲ್ಲಿ ದುಡಿದವರು.

ಅವನು ಕಣ್ಮರೆಯಾದ ಮರುವರ್ಷವೇ, 1938ರಲ್ಲಿ, ಕೂಲಿಯನ್ನು ಕಡಿತಗೊಳಿಸಿದ ಕಾರಣದಿಂದ ಆ ಕಾರ್ಖಾನೆಯಲ್ಲಿ ದೀರ್ಘವಾದ ಮುಷ್ಕರ ನಡೆಯಿತು. ಊರಿಗೆ ಸೈನಿಕರು ಬಂದರು. ಯಂತ್ರವು ಮನೆಯೊಡತಿಯ ದುಡಿಮೆಯನ್ನು ಹಗುರಗೊಳಿಸಿದರೆ ಸಾಲದು, ಆ ಯಂತ್ರವನ್ನು ಮಾಡುವ ಕೈಗಳಿಗೂ ತಕ್ಕ ಮನ್ನಣೆ ಸಲ್ಲಬೇಕೆಂಬುದನ್ನು ಆ ಘಟನೆ ನೆನಪಿಸಿತು. 1949ರಲ್ಲಿ ಸಂಸ್ಥೆಯು ತಾನೇ ನೀರು ತುಂಬಿ, ಒಗೆದು, ಹಿಂಡುವ ಸ್ವಯಂಚಾಲಿತ ಯಂತ್ರವನ್ನು ಹೊರತಂದಿತು. ಆದರೂ ಉರುಳೆಗಳುಳ್ಳ ಹಳೆಯ ಮಾದರಿಗೆ ಬೇಡಿಕೆ ನಿಲ್ಲಲಿಲ್ಲ. 1983ರವರೆಗೂ ಅದು ತಯಾರಾಗುತ್ತಲೇ ಇತ್ತು. 2006ರಲ್ಲಿ ಮೇಟ್ಯಾಗ್ ಸಂಸ್ಥೆಯನ್ನು ವರ್ಲ್‌ಪೂಲ್ ಎಂಬ ಮತ್ತೊಂದು ಸಂಸ್ಥೆ ಕೊಂಡುಕೊಂಡಿತು. 2007ರಲ್ಲಿ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ಪೀಳಿಗೆಗಳಿಂದ ಅದನ್ನೇ ನಂಬಿ ಬಾಳಿದ್ದ ಊರಿಗೆ ಅದು ದೊಡ್ಡ ಪೆಟ್ಟಾಯಿತು.

ಕಾರ್ಖಾನೆಗಳು ಏಳುತ್ತವೆ, ಬೀಳುತ್ತವೆ. ಕಟ್ಟಿದವನ ಹೆಸರೂ ಒಂದಲ್ಲ ಒಂದು ದಿನ ಮಾಸಬಹುದು. ಆದರೆ ತೊಟ್ಟಿಯ ನಡುವೆ ನಿಂತು ಅತ್ತಿತ್ತ ತಿರುಗಿ ನೀರನ್ನು ಬಟ್ಟೆಯೊಳಗೆ ಹಾಯಿಸುವ ಆ ಕಡೆಗೋಲು ನಾನಾ ರೂಪಗಳಲ್ಲಿ ಲೋಕದ ಅಸಂಖ್ಯಾತ ಮನೆಗಳನ್ನು ಹೊಕ್ಕಿತು. ಅದು ಉಳಿಸಿಕೊಟ್ಟ ಹೊತ್ತಿನಲ್ಲಿ ಎಷ್ಟೋ ತಾಯಂದಿರು ಮಕ್ಕಳಿಗೆ ಪಾಠ ಹೇಳಿಕೊಟ್ಟಿರಬಹುದು, ಎಷ್ಟೋ ಹೆಣ್ಣುಮಕ್ಕಳು ಸೋಮವಾರವೂ ತಪ್ಪದೆ ಶಾಲೆಗೆ ಹೋಗಿರಬಹುದು. ಹೆಚ್ಚು ಓದದ ರೈತನ ಮಗನೊಬ್ಬನು ತನ್ನ ಯಂತ್ರದ ದೋಷವನ್ನು ತನ್ನದೇ ದೋಷವೆಂದು ಒಪ್ಪಿಕೊಂಡು, ತನಗಿಂತ ಕುಶಲನಾದ ಕೆಲಸಗಾರನಿಗೆ ಮಣೆ ಹಾಕಿ, ಸೋತಾಗ ಎದೆಗೆಡದೆ ದುಡಿದುದರ ಫಲವಿದು. ಯಾರೂ ಗಮನಿಸದ ಹಿತ್ತಿಲಿನ ಶ್ರಮವೂ ಪ್ರತಿಭಾವಂತರ ಚಿಂತನೆಗೆ ಯೋಗ್ಯವಾದ ವಿಷಯವೆಂಬುದನ್ನು ಫ್ರೆಡರಿಕ್ ಮೇಟ್ಯಾಗನ ಜೀವನ ತೋರಿಸಿಕೊಟ್ಟಿದೆ.